ಬಿಳಿ ಕಾಗದದ ಪೊಟ್ಟಣ

ಈ ಕಥೆಯನ್ನು ಮೊದಲು ಹೇಳಿದವರು ತಲಕಾಡಿನ ಚನ್ನಾಜಮ್ಮ. ಹೇಳಿದ್ದು 2013ರ ಮಾರ್ಚ್‌ನಲ್ಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ಸಂಜೆ, ತಮ್ಮ ತವರೂರಾದ ಹೆಮ್ಮರಗಾಲದಲ್ಲಿ, ತಮ್ಮನ ಮನೆಯ ಜಗಲಿಯ ಮೇಲೆ. ಮಾರನೆಯ ದಿನ ಪರೀಕ್ಷೆ ಬರೆಯುವ ಮಕ್ಕಳೂ ಅವರ ತಾಯಂದಿರೂ ಎದುರಿಗೆ ಕೂತಿದ್ದರು. ಚನ್ನಾಜಮ್ಮನವರಿಗೆ ಓದು ಬಾರದು. ಅವರ ಮಡಿಲಲ್ಲಿ ಹಳೆಯ ಕಾಗದಗಳ ಕಟ್ಟೊಂದಿತ್ತು. ಬರೆದವರು ಅವರ ಹೆಣ್ಣುಮಕ್ಕಳಿಬ್ಬರು: ನಂಜನಗೂಡಿಗೆ ಕೊಟ್ಟ ದೊಡ್ಡವಳು ಶಿವರಂಜನಿ, ಚಿಕ್ಕವಳು ಶ್ವೇತ. ಪಕ್ಕದಲ್ಲಿ ಕೂತ ಮನೆಯ ಹುಡುಗಿಯ ಕೈಗೆ ಕಟ್ಟನ್ನು ಕೊಟ್ಟು, "ನಾನೇನ್ ಏಳ್ಲವ್ವ, ಅವ್ರೇ ಏಳ್ಕಂಡವ್ರೆ. ಮೊದಲಿಂದ ಓದು" ಅಂದರು. ಹುಡುಗಿ ಓದಿದಳು.

*

ತಲಕಾಡು
18-1-1998

ಪ್ರೀತಿಯ ಅಕ್ಕನಿಗೆ ಶ್ವೇತ ಮಾಡುವ ನಮಸ್ಕಾರಗಳು. ನಾವೆಲ್ಲ ಕ್ಷೇಮ. ನಿನ್ನ, ಭಾವನವರ ಕ್ಷೇಮಕ್ಕೆ ಬರೆಯುವುದು.

ಸಂಕ್ರಾಂತಿಗೆ ನೀನು ಬರಲಿಲ್ಲ. ನಿನ್ನ ಪಾಲಿನ ಎಳ್ಳುಬೆಲ್ಲವನ್ನು ಅವ್ವ ಡಬ್ಬಿಯಲ್ಲಿಟ್ಟಿದ್ದಳು. ಅದಕ್ಕೆ ಇರುವೆ ಮುತ್ತಿ, ಕಡೆಗೆ ಅವೇ ಹಬ್ಬ ಮಾಡಿದವು.

ಮೊನ್ನೆ ಹೆಮ್ಮರಗಾಲದಿಂದ ಚಿಕ್ಕಸ್ವಾಮಿ ಮಾವ ಬಂದಿದ್ದ. ಅತ್ತೆ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಆ ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ಬಂದಿದ್ದ. ಊಟ ಬಡಿಸುವಾಗ ಮಗುವನ್ನು ನನ್ನ ಕೈಗೆ ಕೊಟ್ಟ. ಅದು ನನ್ನ ಜಡೆ ಹಿಡಿದುಕೊಂಡು ಬಿಡಲೇ ಇಲ್ಲ. ಅವನು ಹೋದ ಮೇಲೆ ಅಪ್ಪ ನನ್ನನ್ನು ಕರೆದು ಅಂದರು, "ನೋಡಮ್ಮಿ, ಪಾಸಾದ್ರೆ ನರ್ಸಮ್ಮನ ಟ್ರೈನಿಂಗ್‌ಗೆ ಕಳಿಸ್ತೀನಿ, ಮಾತು ಅಂದ್ರೆ ಮಾತು. ಡುಮ್ಕಿ ಒಡುದ್ರೆ ನಿಮ್ಮಾವನ ಮನೆ ಒಲೆ ಕಾಯ್ತಾ ಅದೆ."

ಅವ್ವ ಎಂಜಲೆಲೆ ಎತ್ತಿಕೊಂಡು ಒಳಗೆ ಹೋದಳು. ಅವಳ ತಮ್ಮ ತಾನೆ.

ನಮ್ಮೂರಿಗೆ ಬರುವ ನರ್ಸಮ್ಮನನ್ನು ಕೇಳಿದೆ. ಎಸ್ಸೆಸ್ಸೆಲ್ಸಿ ಪಾಸಾದರೆ ಸಾಕಂತೆ, ಟ್ರೈನಿಂಗ್ ಮೈಸೂರಿನಲ್ಲಂತೆ. ಬಿಳಿ ಸೀರೆಯ ಕೊಳೆ ತೆಗೆಯುವುದೇ ದೊಡ್ಡ ಕೆಲಸ ಎಂದು ನಕ್ಕರು. ಅಷ್ಟೇ ಆದರೆ ನಾನು ದಿನಕ್ಕೆರಡು ಸಲ ಒಗೆಯುತ್ತೇನೆ ಅಕ್ಕ.

ನಿನ್ನ ತಂಗಿ ಶ್ವೇತ

*

ನಂಜನಗೂಡು
2-2-1998

ಚಿ. ಶ್ವೇತಳಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಅಪ್ಪ ನನಗೂ ಇದೇ ಮಾತು ಅಂದಿದ್ದರು, ನಿನಗೆ ನೆನಪಿರಲಾರದು. ನನಗೆ ಗಣಿತ ಕೈಕೊಟ್ಟಿತು. ರಿಸಲ್ಟ್ ಬಂದ ಮುಂದಿನ ತಿಂಗಳೇ ಧಾರೆ. ಭಾವನವರು ಒಳ್ಳೆಯವರು, ಆ ಮಾತು ಬೇರೆ. ಆದರೆ ಒಬ್ಬಳ ಸೋಲಿಗೆ ಮದುವೆ, ಇನ್ನೊಬ್ಬಳ ಸೋಲಿಗೂ ಮದುವೆ ಎಂದಾದರೆ ನಮ್ಮ ಮನೆಯಲ್ಲಿ ಮದುವೆ ಎನ್ನುವುದು ಶಿಕ್ಷೆಯಾಗಿಬಿಟ್ಟಿತು.

ಇಲ್ಲಿಯ ಸುದ್ದಿ ಏನು ಬರೆಯಲಿ. ನಮ್ಮದು ಗ್ರಂಧಿಗೆ ಅಂಗಡಿ. ಅರಿಸಿನ, ಕುಂಕುಮ, ಕರ್ಪೂರ, ವಿಭೂತಿ ಎಲ್ಲ ಪೊಟ್ಟಣದಲ್ಲೇ ಹೋಗಬೇಕು. ಮಾವನವರು ಹಳೇ ಪೇಪರು, ಹಳೇ ಪುಸ್ತಕಗಳನ್ನು ಮೂಟೆಗಟ್ಟಲೆ ತರುತ್ತಾರೆ. ಹರಿದು ಕಟ್ಟುವುದು ನನ್ನ ಮಧ್ಯಾಹ್ನದ ಕೆಲಸ. ಬಂದ ಹೊಸತರಲ್ಲಿ ಅತ್ತೆ, "ಎಸ್ಸೆಲ್ಸಿಗಂಟ ಓದವ್ಳೆ ಅಂದ್ರು, ಒಂದು ಪೊಟ್ಣ ಕಟ್ಟಕ್ಕೆ ಬರಕ್ಕಿಲ್ವಲ್ಲ" ಎನ್ನುತ್ತಿದ್ದರು. ಈಗ ಕಣ್ಣು ಮುಚ್ಚಿಕೊಂಡು ಕಟ್ಟುತ್ತೇನೆ. ಓದಿದ ಪುಸ್ತಕಗಳೇ ಎಷ್ಟೋ ಸಲ ಕೈಗೆ ಬರುತ್ತವೆ. ಮೊದಮೊದಲು ನಿಂತು ಓದುತ್ತಿದ್ದೆ. ಈಗ ಕಾಗದ ದಪ್ಪವೋ ತೆಳುವೋ, ಅಷ್ಟೇ ನೋಡುವುದು.

ನನಗೀಗ ಮೂರು ತಿಂಗಳು. ಅವ್ವನಿಗೆ ಮಾತ್ರ ಹೇಳು.

ನೀನು ಓದು. ನನ್ನದನ್ನೂ ಸೇರಿಸಿ ಓದು.

ನಿನ್ನ ಅಕ್ಕ

*

ತಲಕಾಡು
1-3-1998

ಅಕ್ಕನಿಗೆ ನಮಸ್ಕಾರಗಳು.

ಹಾಲ್ ಟಿಕೆಟ್ ಬಂತು. ಫೋಟೋದಲ್ಲಿ ಕಳ್ಳಿಯ ಹಾಗೆ ಕಾಣುತ್ತೇನೆ. ಸೆಂಟರು ನರಸೀಪುರದಲ್ಲಿ. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುವುದು.

ಈ ಸಲ ಬಹಳ ಬಿಗಿ ಅಂತೆ. ಹೋದ ವರ್ಷ ಹೊರಗಿನವರು ಕಿಟಕಿಯಿಂದ ಚೀಟಿ ಎಸೆದರಲ್ಲ, ಅದಕ್ಕೆ. ನಮ್ಮ ಕ್ಲಾಸಿನ ಮಾದಪ್ಪನ ಕಾಲುಚೀಲದೊಳಗೆ ಇಡೀ ಸಮಾಜ ವಿಜ್ಞಾನವೇ ಇದೆ. ಮೇಷ್ಟ್ರು ಮೊನ್ನೆ ರಿವಿಷನ್ ಟೆಸ್ಟಿನಲ್ಲಿ ಹಿಡಿದರು. "ಲೋ ಮಾದಪ್ಪ, ಇಷ್ಟು ಸಣ್ಣಕ್ಕೆ ಬರಿಯೋ ಒತ್ತಲ್ಲಿ ಓದ್ಕಂಡಿದ್ರೆ ಫಸ್ಟ್ ಕ್ಲಾಸ್ ಬತ್ತಿತ್ತಲ್ಲೋ" ಅಂದರು. ಅವನು, "ಓದುದ್ರೆ ಮರ್ತೋಯ್ತದೆ ಸಾ, ಚೀಟಿ ಮರ್ಯಕ್ಕಿಲ್ಲ" ಅಂದ. ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ.

ಆಮೇಲೆ ನಗು ನಿಲ್ಲಿಸಿ ಎಲ್ಲರಿಗೂ ಹೇಳಿದರು. ಸ್ಕ್ವಾಡಿನವರು ಬಂದಾಗ ಪರೀಕ್ಷೆಗೆ ಸಂಬಂಧಪಟ್ಟ ಒಂದು ತುಂಡು ಕಾಗದ ಮೈಮೇಲೆ ಸಿಕ್ಕಿದರೂ ಡಿಬಾರ್. ನೋಡಿ ಬರೆದೆಯೋ ಇಲ್ಲವೋ ಎಂದು ಕೇಳುವುದಿಲ್ಲ. ಎರಡು ವರ್ಷ ಪರೀಕ್ಷೆಗೆ ಕೂರುವ ಹಾಗಿಲ್ಲ.

ನನಗೇನು ಭಯ ಹೇಳು. ನನ್ನ ಹತ್ತಿರ ಪೆನ್ನು, ಸ್ಕೇಲು ಬಿಟ್ಟರೆ ಏನೂ ಇರುವುದಿಲ್ಲ. ವಿಜ್ಞಾನವಂತೂ ಪುಟದ ನಂಬರಿನ ಸಮೇತ ಬಾಯಿಗೆ ಬಂದಿದೆ. ಭಯವಿರುವುದು ಗಣಿತಕ್ಕೆ. ನಿನ್ನ ತಂಗಿಯಲ್ಲವೇ.

ಶ್ವೇತ

*

ನಂಜನಗೂಡು
16-3-1998

ಚಿ. ಶ್ವೇತಳಿಗೆ ಆಶೀರ್ವಾದಗಳು.

ಭಾವನವರು ಅಂಗಡಿ ಸಾಮಾನಿಗೆ ನರಸೀಪುರದ ಕಡೆ ಬರುತ್ತಿದ್ದಾರೆ. ಈ ಕಾಗದದ ಜೊತೆ ವಿಭೂತಿ ಕಳಿಸಿದ್ದೇನೆ. ಸೋಮವಾರ ಬೆಳಿಗ್ಗೆ ಹೊಳೆಯಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ಹೋಗಿ ನಂಜುಂಡೇಶ್ವರನ ಸನ್ನಿಧಿಯಲ್ಲಿ ಇಡಿಸಿ ತಂದದ್ದು. "ಬಸುರಿ ಎಂಗ್ಸು, ನಡುಗ್ತ ನಡುಗ್ತ ಓಯ್ತಾಳೆ" ಎಂದು ಅತ್ತೆ ಬೈದರು. ಬೈಯಲಿ.

ನ್ಯೂಸ್ ಪೇಪರಿನಲ್ಲಿ ಕಟ್ಟಿದರೆ ಬೆವರಿಗೆ ಮಸಿ ಲಂಗಕ್ಕೆ ಹತ್ತುತ್ತದೆ. ಅದಕ್ಕೇ ಮೂಟೆಯೆಲ್ಲ ಜಾಲಾಡಿ ಒಳ್ಳೆಯ ದಪ್ಪ ಬಿಳಿ ಹಾಳೆ ಆರಿಸಿದೆ. ಒಂದು ಕಡೆ ಪೂರ್ತಿ ಖಾಲಿ ಇತ್ತು. ಆ ಮೈಯನ್ನು ಹೊರಗೆ ಮಾಡಿ ಔಷಧಿ ಪೊಟ್ಟಣದ ಹಾಗೆ ಚಿಕ್ಕದಾಗಿ ಮಡಿಸಿ, ಮೇಲೆ ಹಳದಿ ದಾರ ಸುತ್ತಿದ್ದೇನೆ. ನೋಡಿದರೆ ನನ್ನ ಕೈಕೆಲಸ ಅಂತ ನಿನಗೆ ಗೊತ್ತಾಗುತ್ತದೆ.

ಪೊಟ್ಟಣವನ್ನು ಬಿಚ್ಚಬೇಡ. ಕಡೆಯ ಪರೀಕ್ಷೆ ಮುಗಿಯುವವರೆಗೆ ಲಂಗದ ಲಾಡಿಗೆ ಸಿಕ್ಕಿಸಿಕೊಂಡಿರು. ಮುಗಿದ ಮೇಲೆ ಬಿಚ್ಚಿ ಹಣೆಗೆ ಹಚ್ಚಿಕೊ. ನನಗೆ ಯಾರೂ ಹೀಗೆ ಕಟ್ಟಿಕೊಡಲಿಲ್ಲ.

ನಿನ್ನ ಅಕ್ಕ

*

ತಲಕಾಡು
25-3-1998

ಅಕ್ಕ,

ಕನ್ನಡ, ಇಂಗ್ಲಿಷು ಎರಡೂ ಚೆನ್ನಾಗಿ ಆದವು. ವಿಭೂತಿ ಸೊಂಟದಲ್ಲಿದೆ. ಬಿಚ್ಚಿಲ್ಲ. ಅವಸರ, ಬಸ್ಸು ಬಂತು.

ಶ್ವೇತ

*

ತಲಕಾಡು
4-4-1998

ಅಕ್ಕನಿಗೆ,

ನನ್ನನ್ನು ಡಿಬಾರ್ ಮಾಡಿದರು. ವಿಜ್ಞಾನದ ದಿನ. ಸ್ಕ್ವಾಡಿನವರಿಗೆ ನನ್ನ ಹತ್ತಿರ ಕಾಗದ ಸಿಕ್ಕಿತು. ಅಪ್ಪ ಮಾತಾಡುತ್ತಿಲ್ಲ.

ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೊಟ್ಟೆಯಲ್ಲಿ ಮಗುವಿದೆ.

ಶ್ವೇತ

*

ನಂಜನಗೂಡು
9-4-1998

ಶ್ವೇತ,

ನಿನ್ನ ಕಾಗದವನ್ನು ಅಂಗಡಿಯಲ್ಲೇ ಒಡೆದು ಓದಿದೆ. ಕಾಗದ ಸಿಕ್ಕಿತು ಎಂದರೆ ಏನರ್ಥ? ಪುಟದ ನಂಬರಿನ ಸಮೇತ ಬಾಯಿಗೆ ಬರುತ್ತದೆ ಎಂದು ಬರೆದವಳು ನೀನೇ ಅಲ್ಲವೇ? ಹಾಗಾದರೆ ಅದೂ ಸುಳ್ಳೇ? ಮಾದಪ್ಪನ ಕಾಲುಚೀಲ ಎಂದು ನಗಿಸಿದೆಯಲ್ಲ. ಅವನು ಪಾಸಾಗುತ್ತಾನೆ, ನೋಡುತ್ತಿರು.

ಇಲ್ಲಿ ಎಲ್ಲರಿಗೂ ಗೊತ್ತಾಗಿದೆ. ಅತ್ತೆ ಬೀದಿಗೆ ಕೇಳುವ ಹಾಗೆ, "ಅಕ್ಕ ಡುಮ್ಕಿ, ತಂಗಿ ಕಾಪಿ, ಒಳ್ಳೆ ಮನ್ತನ ಕಣವ್ವ" ಅಂದರು. ನಾನು ತಲೆ ತಗ್ಗಿಸಿಕೊಂಡು ಪೊಟ್ಟಣ ಕಟ್ಟುತ್ತಿದ್ದೆ.

ಒಂದೇ ಒಂದು ಮಾತಿಗೆ ಉತ್ತರ ಕೊಡು. ಅವತ್ತು ನಾನು ಕಳಿಸಿದ ವಿಭೂತಿ ನಿನ್ನ ಸೊಂಟದಲ್ಲಿತ್ತೇ?

ಶಿವರಂಜನಿ

*

ತಲಕಾಡು
15-4-1998

ಅಕ್ಕ,

ಇತ್ತು.

ಶ್ವೇತ

*

ನಂಜನಗೂಡು
20-4-1998

ಶ್ವೇತ,

ದೇವರ ವಿಭೂತಿಯನ್ನು ಮೈಮೇಲೆ ಇಟ್ಟುಕೊಂಡು, ಅದರ ಪಕ್ಕದಲ್ಲೇ ಚೀಟಿ ಸಿಕ್ಕಿಸಿಕೊಂಡೆಯಲ್ಲ. ನಾನು ಒದ್ದೆ ಸೀರೆಯಲ್ಲಿ ನಿಂತದ್ದಕ್ಕೆ ಇದು ಫಲ.

ಮದುವೆ ಬೇಡ, ಇವಳಿಗೆ ಇನ್ನೊಂದು ಅವಕಾಶ ಕೊಡಿ ಎಂದು ಬರೆಯಲು ಅವ್ವ ನನಗೆ ಹೇಳಿಕಳಿಸಿದ್ದಳು. ನಾನು ಅಪ್ಪನಿಗೆ ಬೇರೆ ಕಾಗದ ಬರೆದಿದ್ದೇನೆ. ಓದುವ ಮನಸ್ಸಿಲ್ಲದವಳನ್ನು ಕಾಯುವುದರಲ್ಲಿ ಅರ್ಥವಿಲ್ಲ, ಮಾವನಿಗೇ ಕೊಟ್ಟುಬಿಡಿ ಎಂದು. ಬಸವ ಜಯಂತಿ ಕಳೆದ ಮೇಲೆ ಮಾಡುತ್ತಾರಂತೆ. ಅಪ್ಪ ಇಷ್ಟು ದಿನ ತಡೆದದ್ದೇ ನನ್ನ ಮಾತಿಗಾಗಿ ಎಂದು ಭಾವನವರು ಹೇಳಿದರು.

ಮದುವೆಗೆ ನಾನು ಬರಲಾರೆ. ಬಸುರಿ ಪ್ರಯಾಣ ಮಾಡಬಾರದಂತೆ.

ಶಿವರಂಜನಿ

*

ನಂಜನಗೂಡು
10-3-2003

ಸೌ. ಶ್ವೇತಳಿಗೆ,

ಐದು ವರ್ಷವಾಯಿತು ಕಾಗದ ಬರೆದು. ಮದುವೆ ಮುಂಜಿಗಳಲ್ಲಿ ಎದುರು ಬದುರು ಕೂತಿದ್ದೇವೆ, ಎಲೆ ನೋಡಿಕೊಂಡು ಉಂಡು ಎದ್ದಿದ್ದೇವೆ. ಹೋದ ತಿಂಗಳು ಗೃಹಪ್ರವೇಶದಲ್ಲಿ ಮಾವನ ಮಗಳಿಗೆ ನೀನು ಉಣ್ಣಿಸುತ್ತಿದ್ದೆ. ಅದು ನಿನ್ನನ್ನು ಅವ್ವ ಎಂದಿತು. ನನಗೆ ಏನೋ ಆಯಿತು. ನಾನೇ ಮೊದಲು ಬರೆಯೋಣ ಎಂದುಕೊಂಡೆ.

ನನ್ನ ಮೈದುನ ನಂಜೇಶ ನಿನಗೆ ಗೊತ್ತಲ್ಲ. ನಾನು ಬಂದಾಗ ಗೋಲಿ ಆಡುತ್ತಿದ್ದವನು ಈ ಸಲ ಎಸ್ಸೆಸ್ಸೆಲ್ಸಿ. 24ಕ್ಕೆ ಶುರು. ಪಾಸಾದರೆ ಮೈಸೂರಿನಲ್ಲಿ ಐಟಿಐಗೆ ಸೇರಿಸುತ್ತಾರೆ, ಇಲ್ಲದಿದ್ದರೆ ಅಂಗಡಿಯಲ್ಲಿ ತಕ್ಕಡಿ ಹಿಡಿಯಬೇಕು. ಓದುವ ಹುಡುಗ. ನಿನಗೆ ಕಟ್ಟಿಕೊಟ್ಟ ಹಾಗೆ ಅವನಿಗೂ ವಿಭೂತಿ ಕಟ್ಟಿಕೊಡುತ್ತಿದ್ದೇನೆ. ನೀನು ಅದರ ಬೆಲೆ ಉಳಿಸಲಿಲ್ಲ. ಅವನು ಉಳಿಸುತ್ತಾನೆ.

ಹಳೆಯದೆಲ್ಲ ಬಿಡು. ಒಂದು ಸಲ ಬಂದು ಹೋಗು.

ನಿನ್ನ ಅಕ್ಕ

*

ಹೆಮ್ಮರಗಾಲ
14-3-2003

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಕಾಗದ ಬಂತು. ಸಂತೋಷವಾಯಿತು.

ನಂಜೇಶನಿಗೆ ವಿಭೂತಿಯನ್ನು ಕಾಗದದಲ್ಲಿ ಕಟ್ಟಿ ಕೊಡಬೇಡ. ಹಣೆಗೆ ಹಚ್ಚಿ ಕಳಿಸು, ಸಾಕು. ಇದೊಂದು ಮಾತು ನಡೆಸಿಕೊಡು.

ಶ್ವೇತ

*

ನಂಜನಗೂಡು
17-3-2003

ಶ್ವೇತ,

ಅಷ್ಟು ಮನಸ್ಸು ಮಾಡಿ ಬರೆದರೆ ನಿನ್ನ ಉತ್ತರ ಇದು. ಯಾಕೆ ಕಟ್ಟಬಾರದು? ನಿನಗೆ ಆಗಿಬರಲಿಲ್ಲ ಎಂದು ನನ್ನ ಕೈಗುಣದ ಮೇಲೆ ಹಾಕುತ್ತೀಯಾ? ಅವನಿಗೆ ಕಟ್ಟಿ ಆಗಿದೆ. ಅವತ್ತಿನ ಹಾಗೆಯೇ ಒಳ್ಳೆಯ ಹಾಳೆ ಆರಿಸಿ ಕಟ್ಟಿದ್ದೇನೆ. ಭಾನುವಾರ ಸಂಜೆ ಅವನ ಉಡಿದಾರಕ್ಕೆ ಸಿಕ್ಕಿಸುತ್ತೇನೆ.

ಬೇಡ ಎನ್ನುವವಳು ಕಾರಣ ಹೇಳಬೇಕು.

ಶಿವರಂಜನಿ

*

ಹೆಮ್ಮರಗಾಲ
19-3-2003

ಅಕ್ಕ,

ಈ ಕಾಗದವನ್ನು ಟಪ್ಪಾಲಿಗೆ ಹಾಕುತ್ತಿಲ್ಲ. ನಮ್ಮ ಪಕ್ಕದ ಮನೆಯ ಪುಟ್ಟಗೌರಮ್ಮ ನಾಳೆ ನಂಜನಗೂಡು ಆಸ್ಪತ್ರೆಗೆ ಬರುತ್ತಾರೆ, ನಿನ್ನ ಕೈಗೇ ಕೊಡಲು ಹೇಳಿದ್ದೇನೆ. ಇದನ್ನು ನಿನಗೆ ಎಂದೂ ಹೇಳಬಾರದು ಎಂದುಕೊಂಡಿದ್ದೆ. ನಂಜೇಶನಿಗಾಗಿ ಬರೆಯುತ್ತಿದ್ದೇನೆ.

ಅವತ್ತು ನನ್ನ ಹತ್ತಿರ ಚೀಟಿ ಇರಲಿಲ್ಲ. ನೀನು ಕಳಿಸಿದ ಪೊಟ್ಟಣ ಒಂದೇ ಇತ್ತು.

ಸ್ಕ್ವಾಡಿನಲ್ಲಿ ಒಬ್ಬರು ಮೇಡಂ ಇದ್ದರು. ಹುಡುಗಿಯರನ್ನೆಲ್ಲ ವೆರಾಂಡಕ್ಕೆ ಕರೆದು ಸೊಂಟ ತಡವಿದರು. ನನ್ನದು ಸಿಕ್ಕಿತು. ವಿಭೂತಿ ಮೇಡಂ, ನಮ್ಮಕ್ಕ ಕಳಿಸಿದ್ದು ಎನ್ನುವುದಕ್ಕೆ ಬಾಯಿ ತೆಗೆದೆ, ವಿಭೂತಿ ಎನ್ನುವವರೆಗೆ ಮಾತ್ರ ಬಂತು. ಅಷ್ಟರಲ್ಲಿ ಅವರು ದಾರ ಹರಿದು ಬಿಚ್ಚಿದರು. ವಿಭೂತಿಯೆಲ್ಲ ಅವರ ಸೀರೆಯ ಮೇಲೆ ಚೆಲ್ಲಿತು. ಹಾಳೆಯ ಒಳಮೈಯಲ್ಲಿ ವಿಜ್ಞಾನದ ಗೈಡಿನ ಪುಟ ಇತ್ತು. ಮಸೂರದ ಚಿತ್ರ, ಕೆಳಗೆ ಅದರ ಪ್ರಶ್ನೆ ಉತ್ತರ. ಅವತ್ತಿನ ಪ್ರಶ್ನೆಪತ್ರಿಕೆಯಲ್ಲಿ ಮಸೂರದ ಚಿತ್ರ ಕೇಳಿದ್ದರು. ನಾನು ಅದನ್ನಾಗಲೇ ಬರೆದು ಮುಗಿಸಿದ್ದೆ.

"ವಿಭೂತಿಗೆ ಮಸೂರ ಯಾಕಮ್ಮ ಬೇಕು?" ಎಂದು ಮೇಡಂ ಕೇಳಿದರು. ಎಲ್ಲರೂ ನಕ್ಕರು. ನಮ್ಮ ರೂಮಿನ ಮೇಷ್ಟ್ರು, "ಪಾಪದ ಹುಡುಗಿ ಮೇಡಂ, ಮುಡಿಪು ಇರಬೋದು" ಅಂದರು. ಅದಕ್ಕೆ ಅವರು, "ಹಂಗಾದ್ರೆ ಯಾರು ಕಟ್ಕೊಟ್ರು ಹೇಳ್ಲಿ. ಹೊರಗಡೆಯಿಂದ ಕಾಪಿ ಒದಗಿಸೋರ ಮೇಲೆ ಈ ವರ್ಷ ಪೊಲೀಸ್ ಕೇಸು" ಅಂದರು. ಗೇಟಿನ ಹತ್ತಿರ ಪೊಲೀಸಿನವರು ಇದ್ದರು. ನೀನು ಆಗ ಬಸುರಿ. ನಿಮ್ಮತ್ತೆ ಬಾಯಿ ನನಗೆ ಗೊತ್ತಿತ್ತು. ದಾರಿಯಲ್ಲಿ ಸಿಕ್ಕಿತು ಎಂದೆ. ಬರೆದುಕೊಡು ಎಂದರು, ಬರೆದುಕೊಟ್ಟೆ.

ನೀನು ವಿಭೂತಿ ಸೊಂಟದಲ್ಲಿತ್ತೇ ಎಂದು ಕೇಳಿದೆ. ಇತ್ತು ಎಂದೆ. ಅದಕ್ಕಿಂತ ಹೆಚ್ಚು ಹೇಳಿದ್ದರೆ ನೀನು ಉಳಿಯುತ್ತಿದ್ದೆಯೋ ಇಲ್ಲವೋ ಎಂದು ಭಯವಾಯಿತು. ಆಮೇಲೆ ನೀನು ಅಪ್ಪನಿಗೆ ಬರೆದೆ. ಆಗಲೂ ಹೇಳಬಹುದಿತ್ತು. ಆಗ ಸಿಟ್ಟು ಬಂದಿತ್ತು ಅಕ್ಕ. ಅದಕ್ಕೆ ಹೇಳಲಿಲ್ಲ.

ನಂಜೇಶನ ಪೊಟ್ಟಣ ಬಿಚ್ಚಿ ನೋಡು.

ಶ್ವೇತ

*

ನಂಜನಗೂಡು
2-4-2003

ಶ್ವೇತ,

ಪುಟ್ಟಗೌರಮ್ಮ ಕಾಗದ ಕೊಟ್ಟರು. ಅವರ ಎದುರಿಗೇ ಓದಿದೆ. ಅವರಿಗೆ ಕಾಫಿ ಕೊಡುವುದನ್ನೂ ಮರೆತೆ.

ಪೊಟ್ಟಣ ಬಿಚ್ಚಿದೆ. ಒಳಗೆ ಅಚ್ಚಿತ್ತು. ಏನು ಎಂದು ಕೇಳಬೇಡ. ನಂಜೇಶನ ಹಣೆಗೆ ಹಚ್ಚಿ ಬರಿಗೈಯಲ್ಲಿ ಕಳಿಸಿದೆ. "ಪೊಟ್ಣ ಎಲ್ಲಿ ಅತ್ಗೆ?" ಅಂದ. ಬೇಡಪ್ಪ ಎಂದೆ.

ಈಗ ನಾನು ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿಲ್ಲ. ಕೈ ನೋವು ಎಂದಿದ್ದೇನೆ.

ಹೆಮ್ಮರಗಾಲದ ಬಸ್ಸು ನಮ್ಮ ಬೀದಿಯ ಕೊನೆಯಲ್ಲಿ ನಿಲ್ಲುತ್ತದೆ. ದಿನವೂ ಹೋಗಿ ನಿಲ್ಲುತ್ತೇನೆ. ಹತ್ತಲಾರೆ. ಹತ್ತಿ ಬಂದರೆ ಆ ಮನೆಯಲ್ಲಿ ನಿನ್ನನ್ನು ನೋಡಬೇಕು, ಆ ಒಲೆಯ ಮುಂದೆ.

ನೀನು ಬರೆದ ಕಾಗದಗಳನ್ನೆಲ್ಲ ಇದರ ಜೊತೆ ಕಳಿಸಿದ್ದೇನೆ. ನನ್ನ ಹತ್ತಿರ ಇರುವುದು ಬೇಡ. ನಾನು ಅಪ್ಪನಿಗೆ ಬರೆದ ಕಾಗದ ತಲಕಾಡಿನಲ್ಲಿ ಎಲ್ಲಾದರೂ ಸಿಕ್ಕಿದರೆ ಓದಬೇಡ, ಒಲೆಗೆ ಹಾಕು.

ಶಿವರಂಜನಿ

*

ಹೆಮ್ಮರಗಾಲ
8-4-2003

ಅಕ್ಕ,

ಬಸ್ಸು ಹತ್ತು. ನಾನು ಬಸ್ ಸ್ಟಾಪಿಗೇ ಬರುತ್ತೇನೆ. ಮನೆಗೆ ಬರುವುದು ಬೇಡವಾದರೆ ಅಲ್ಲೇ ಮರದಡಿ ಕೂತು ಮಾತಾಡಿಕೊಂಡು ಹೋಗುವೆಯಂತೆ.

ನಂಜೇಶ ವಿಜ್ಞಾನ ಹೇಗೆ ಬರೆದ?

ಶ್ವೇತ

*

ಹುಡುಗಿ ಓದುವುದನ್ನು ನಿಲ್ಲಿಸಿದಳು. "ಮುಂದಿಂದು?" ಎಂದು ಯಾರೋ ಕೇಳಿದರು. ಚನ್ನಾಜಮ್ಮ, "ಕೊನೇ ಕಾಗ್ದ ಒಡೀದೆ ವಾಪಸ್ ಬಂತು, ಮುಂದಿಂದು ಬಂದಿಲ್ಲ ಕಣವ್ವ. ಹತ್ತು ವರ್ಸಾಯ್ತು. ಬಸ್ಸು ಮಾತ್ರ ದಿನಾ ಬತ್ತದೆ" ಎಂದು ಕಾಗದಗಳನ್ನು ಕಟ್ಟಿದರು. ಓದಿದವಳು ಚಿಕ್ಕಸ್ವಾಮಿಯ ಮಗಳು, ಕಂಕುಳಲ್ಲಿ ಬಂದು ಶ್ವೇತಳ ಜಡೆ ಹಿಡಿದಿದ್ದವಳು. ಮಾರನೆಯ ದಿನ ಅವಳದೂ ಪರೀಕ್ಷೆ. ಶ್ವೇತ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ಸದ್ದು ನಿಂತು ಬಹಳ ಹೊತ್ತಾಗಿತ್ತು.

ಮಾರನೆಯ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ತಾಯಂದಿರು ಮಕ್ಕಳ ಸೊಂಟ, ಜೇಬು, ಜಾಮಿಟ್ರಿ ಬಾಕ್ಸು ಎಲ್ಲ ತಡಕಿ, ಹಿಂದಿನ ದಿನವೇ ಕಟ್ಟಿಕೊಟ್ಟಿದ್ದ ಪೊಟ್ಟಣಗಳನ್ನು ಹೊರಗೆ ತೆಗೆದರು. ಬಿಚ್ಚಿ ಹಣೆಗೆ ಬಳಿದು ಕಾಗದಗಳನ್ನು ಅಲ್ಲೇ ಬಿಸಾಡಿದರು. ಬಸ್ಸು ಮಕ್ಕಳನ್ನು ಹತ್ತಿಸಿಕೊಂಡು ಹೋಯಿತು, ತಾಯಂದಿರು ಮನೆಗೆ ಹೋದರು. ಶ್ವೇತ ಒಬ್ಬಳೇ ಉಳಿದು ಕಾಗದಗಳನ್ನು ಒಂದೊಂದಾಗಿ ಆರಿಸಿ, ಬಿಡಿಸಿ, ಓದಿ ನೋಡಿದಳು. ಒಂದು ಕ್ಯಾಲೆಂಡರಿನ ಹಾಳೆ. ಒಂದು ಲಗ್ನಪತ್ರಿಕೆ. ಆಮೇಲೆ ಸಿಕ್ಕಿದ್ದನ್ನು ತಿರುಗಿಸಿ ಎರಡೂ ಕಡೆ ಓದಿದಳು. ಸಮಾಜ ವಿಜ್ಞಾನದ ಗೈಡಿನದು. ಅದನ್ನು ಮಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡು, ಒಲೆ ಹಚ್ಚುವುದಕ್ಕೆ ಮನೆಗೆ ನಡೆದಳು.